ಮಧ್ಯದಿಂದ ಶುರು ಮಾಡುವ ಗಿರಾಕಿ

ಫೆಬ್ರವರಿ 4

ಕಾರ್ಖಾನೆಯ ಯಜಮಾನರಿಗೆ,

ಫೋನ್ ಮಾಡಿದರೆ ನಾವಿಬ್ಬರೂ ಕಿರುಚುತ್ತೇವೆ. ಕಾಗದಕ್ಕೆ ಗಂಟಲಿಲ್ಲ ಎಂಬ ಒಂದೇ ಕಾರಣಕ್ಕೆ ಬರೆಯುತ್ತಿದ್ದೇನೆ. ಒಡಹುಟ್ಟಿದ ಅಕ್ಕ ಬರೆದಳು ಅಂತ ಓದಬೇಡಿ. ನೀವು ಕೊಯ್ದು ಕಳಿಸುವ ಮರದ ಪಜಲ್‌ಗಳನ್ನು ಮಾರುವ ಆಟಿಕೆ ಅಂಗಡಿಯ ಒಡತಿ ಬರೆದಳು ಅಂತ ಓದಿಕೊಳ್ಳಿ.

ಇದರ ಜೊತೆ ಮೂರು ಪೆಟ್ಟಿಗೆ ವಾಪಸ್ ಬರುತ್ತಿವೆ: 'ಬಂದರು', 'ಗಡಿಯಾರದಂಗಡಿ', 'ಕೋಳಿಗೂಡು'. ಮೂರನ್ನೂ ಒಬ್ಬರೇ ಗಿರಾಕಿ ಒಯ್ದಿದ್ದರು, ಮೂರನ್ನೂ ಅರ್ಧಕ್ಕೆ ಬಿಟ್ಟರು. ಅರ್ಧ ಅನ್ನುವುದೂ ನಿಮ್ಮ ಮೇಲಿನ ದಾಕ್ಷಿಣ್ಯಕ್ಕೆ. ಬಂದರಿನಲ್ಲಿ ಅವರಿಗೆ ಸಿಕ್ಕಿದ್ದು ಹಡಗಿನ ಒಂದು ಹೊಗೆಕೊಳವೆ, ಯಾವುದೋ ಹಕ್ಕಿಯ ಬಾಲ.

ಫುಟ್‌ಪಾತಿನ ಮೇಲೆ ಪ್ಲಾಸ್ಟಿಕ್ ಪೀಪಿ ಮಾರಿ ಮೇಲೆ ಬಂದವಳು ನಾನು. ಜನಕ್ಕೆ ಏನು ಖುಷಿ ಕೊಡುತ್ತೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದುಡಿದು ದಣಿದು ಬಂದವರು ತಲೆಗೆ ಸ್ವಲ್ಪ ಹಿತ ಬೇಕು ಅನ್ನುತ್ತಾರೆ. ನೀವು ಆ ತಲೆಯನ್ನೇ ಗರಗಸಕ್ಕೆ ಕೊಡುತ್ತೀರಿ. ಮುಚ್ಚಳದ ಮೇಲೆ ಚಿತ್ರ ಇಲ್ಲ, ಬರೀ ಒಂದು ಹೆಸರು. ನೇರ ಅಂಚಿದೆ, ಇದು ಚೌಕಟ್ಟಿನ ತುಂಡಿರಬೇಕು ಅಂತ ಎತ್ತಿಕೊಂಡರೆ ಅದು ನಡುವಿನದ್ದು. ಆಕಾಶದ ನೀಲಿ ಮುಗಿಯುವ ಗೆರೆಯ ಮೇಲೇ ಕೊಯ್ದಿರುತ್ತೀರಿ. ನೀಲಿಯ ಪಕ್ಕ ಮನೆಯೋ ಮರವೋ ಆನೆಯೋ ಅಂತ ಸುಳಿವೇ ಇಲ್ಲ. ಇದು ಆಟವೋ, ವಿಚಾರಣೆಯೋ?

ದೊಡ್ಡ ತುಂಡು, ಪ್ರಾಮಾಣಿಕವಾದ ಅಂಚು, ಮುಚ್ಚಳದ ಮೇಲೆ ಚಿತ್ರ. ಇಷ್ಟಿರುವ ಒಂದು ಪೆಟ್ಟಿಗೆ ಮಾಡಿ ಕಳಿಸಿ. ಈ ಗಿರಾಕಿ ಒಂದನ್ನಾದರೂ ಮುಗಿಸಬೇಕು. ಮುಗಿಸಲೇಬೇಕು. ಇಲ್ಲದಿದ್ದರೆ ನಿಮ್ಮ ಸರಕಿಗೆ ನನ್ನ ಕಪಾಟಿನಲ್ಲಿ ಜಾಗವಿಲ್ಲ.

ಅಂಗಡಿಯ ಒಡತಿ


ಫೆಬ್ರವರಿ 11

ಗಲ್ಲಾಪೆಟ್ಟಿಗೆಯ ಒಡತಿಯವರಿಗೆ,

ಪೆಟ್ಟಿಗೆಗಳು ಬಂದವು. ತುಂಡುಗಳೆಲ್ಲ ಇವೆ. 'ಕೋಳಿಗೂಡಿ'ನಲ್ಲಿ ಒಂದು ತುಂಡಿನ ಕಿವಿ ಮುರಿದಿದೆ. ಕಿವಿ ಅಂದರೆ ಪಕ್ಕದ ತುಂಡಿನೊಳಗೆ ಕೂರುವ ಗುಂಡನೆಯ ತುದಿ. ಅಪ್ಪನ ಬೆಂಚಿನ ಕೆಳಗೆ ಮರದ ಪುಡಿಯಲ್ಲಿ ಆಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿ ಬಂದಿದ್ದು ಕಾಲದ ಮಹಿಮೆ. ಆ ಕಿವಿ ತಾನಾಗಿ ಮುರಿದದ್ದಲ್ಲ. ಕೂರದ ಕಡೆ ಒತ್ತಿ ಒತ್ತಿ ತುರುಕಿದ್ದಾರೆ. ನಿಮ್ಮ ಗಿರಾಕಿ ಪಜಲ್ ಜೋಡಿಸುತ್ತಾನೋ, ಸೌದೆ ಒಟ್ಟುತ್ತಾನೋ?

ಮುಚ್ಚಳದ ಮೇಲೆ ಚಿತ್ರ ಹಾಕುವುದಿಲ್ಲ. ಅಪ್ಪ ಹಾಕಲಿಲ್ಲ, ನಾನೂ ಹಾಕುವುದಿಲ್ಲ. ಒಗಟಿಗೆ ಮೊದಲೇ ಉತ್ತರ ಹೇಳಿಬಿಟ್ಟು, ಆಮೇಲೆ ನಗಲಿ ಅಂತ ಪಕ್ಕೆಗೆ ಕಚಗುಳಿ ಇಡುವುದು ಅಂಗಡಿಯವರ ವಿದ್ಯೆ. ನಮ್ಮದಲ್ಲ. 'ಹಿತ ಬೇಕು' ಅನ್ನುವವರು ಬಿಸಿನೀರಲ್ಲಿ ಕಾಲು ಅದ್ದಿ ಕೂರಲಿ. ನನ್ನ ಪೆಟ್ಟಿಗೆ ತೆಗೆಯುವವನಿಗೆ ಮೊದಲು ಸಿಟ್ಟು ಬರಬೇಕು. ನನ್ನ ತಾಯಿ-ತಂದೆಯನ್ನೆಲ್ಲ ಬೈಯಬೇಕು. ಬೈಯುತ್ತ ಬೈಯುತ್ತ ಊಟ ಆರಿಹೋಗಬೇಕು. ಆಮೇಲೆ ಒಂದು ತುಂಡು 'ಟಕ್' ಅಂತ ಕೂತಾಗ ಅವನ ಮುಖ ನೋಡಿ. ಹಿತಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಸುಲಭದ್ದೇ ಬೇಕಿದ್ದರೆ ಯಂತ್ರದ ಮಾಲು ಧಾರಾಳವಾಗಿ ಸಿಗುತ್ತದೆ. ಹಳದಿ ಬಾತುಕೋಳಿ, ದಪ್ಪ ದಪ್ಪ ತುಂಡು, ಮುಚ್ಚಳದ ಮೇಲೆ ಅದೇ ಬಾತುಕೋಳಿ. ಕೊಂಡುಕೊಡಿ. ಜೊತೆಗೆ ನಿಮ್ಮ ಗಿರಾಕಿಯ ಕತ್ತಿಗೆ ಒಂದು ಜೊಲ್ಲುಬಟ್ಟೆಯನ್ನೂ ಕಟ್ಟಿ.

ಗರಗಸದವನು


ಫೆಬ್ರವರಿ 17

ಲೋ,

ಇನ್ನು ನಿನಗೆ 'ನೀವು', 'ಯಜಮಾನರು' ಎಲ್ಲ ಇಲ್ಲ. ಜೊಲ್ಲುಬಟ್ಟೆ ಅಂತ ಬರೆದೆಯಲ್ಲ, ಬರೆಯುವಾಗ ನಿನ್ನ ಕೈ ಒಂದು ಕ್ಷಣವೂ ತಡೆಯಲಿಲ್ಲವೇ? ಕಂಡಿಲ್ಲದ, ಕೇಳಿಲ್ಲದ ಮನುಷ್ಯನ ಮೇಲೆ ಅಷ್ಟು ವಿಷ ಎಲ್ಲಿಂದ ಬರುತ್ತೆ ನಿನಗೆ? ಅಪ್ಪನ ಬೆಂಚು ನಿನಗೆ ಬಂತು, ಅಪ್ಪನ ನಾಲಿಗೆ ಬರಲಿಲ್ಲ. ಅವರು ಯಾವ ಗಿರಾಕಿಯನ್ನೂ ಹೀಯಾಳಿಸಿದವರಲ್ಲ.

ಕೇಳು. ನೀನು ಹೇಳಿದ ಬಾತುಕೋಳಿಯನ್ನೇ ತಂದುಕೊಟ್ಟೆ. ಹಾಲು ಉಕ್ಕುವುದರೊಳಗೆ ಮುಗಿಸಿದರು. ಮುಗಿಸಿ ನನ್ನ ಮುಖ ನೋಡಿದರು, ಜಪ್ತಿಗೆ ಬಂದವನನ್ನು ಮನೆಯವರು ನೋಡುವ ಹಾಗೆ. ಆಮೇಲೆ ಅಂಗೈಯ ಹಿಂಬದಿಯಿಂದ ಮೆಲ್ಲಗೆ, ಬಹಳ ಮೆಲ್ಲಗೆ, ಮೇಜಿನ ಅಂಚಿನವರೆಗೆ ತಳ್ಳಿಕೊಂಡು ಹೋಗಿ ಕೆಳಗೆ ಬೀಳಿಸಿದರು. ಬಾತುಕೋಳಿಯ ಕೊಕ್ಕು ಇನ್ನೂ ಬೀರುವಿನ ಕೆಳಗೇ ಇದೆ.

ಆದ್ದರಿಂದ ಯಂತ್ರದ ಮಾಲು ಆಗುವುದಿಲ್ಲ. ನಿನ್ನ ಮರವೇ ಬೇಕು, ಆದರೆ ನಿನ್ನ ಕುಯುಕ್ತಿ ಬೇಡ. ನಿನ್ನ ಸುಳ್ಳು ಅಂಚುಗಳ ಕಾಟವೂ ಅವರಿಗಿಲ್ಲ, ಯಾಕೆಂದರೆ ಅವರು ಅಂಚಿನ ಕಡೆ ನೋಡುವುದೇ ಇಲ್ಲ. ಒಂದು ತುಂಡನ್ನು ಮೇಜಿನ ನಡುವೆ ಇಟ್ಟು, ಅಲ್ಲಿಂದ ಸುತ್ತಲೂ ಬೆಳೆಸುತ್ತಾರೆ. ತುಂಡುಗಳು ಚಿಕ್ಕವು, ಹಟಮಾರಿಗಳು. ತೊಂದರೆ ಅಷ್ಟೇ.

ಮುಗಿಯದ ಪಜಲ್ ಮಾಡುವುದು ನಿನಗೆ ಹೊಸದಲ್ಲ, ಬಿಡು. ನನ್ನ ಮನೆಯಲ್ಲೇ, ನನ್ನ ಗಂಡನ ಶಾಲೆಯ ಮೇಷ್ಟ್ರುಗಳೆಲ್ಲ ನೆರೆದಿದ್ದಾಗ, ಬೇರೆ ಪೆಟ್ಟಿಗೆಯ ಒಂದು ತುಂಡು ಸೇರಿಸಿದ ಪಜಲನ್ನು ನನ್ನವರ ಕೈಗೆ ಕೊಟ್ಟವನು ನೀನು. ಬೆಳಗಿನಿಂದ ಕೂತು ಎಲ್ಲ ಜೋಡಿಸಿದ ಮನುಷ್ಯ ಕೊನೆಗೆ ಕೂರದ ಒಂದು ತುಂಡು ಹಿಡಿದುಕೊಂಡು ನಿಂತರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಮೊದಲು ನಕ್ಕವನು ನೀನು. 'ಇನ್ನು ನನ್ನ ಹೊಸಿಲು ತುಳಿಯಬೇಡ' ಅಂದರು. ತುಳಿದಿಲ್ಲ. ಅದೊಂದು ಮಾತು ನಡೆಸಿಕೊಂಡೆ, ಪುಣ್ಯಾತ್ಮ.

ಸುಲಭದ ಪೆಟ್ಟಿಗೆ ಕಳಿಸು.

ಅಕ್ಕ


ಫೆಬ್ರವರಿ 25

ಅಕ್ಕಾ,

ಇಷ್ಟು ವರ್ಷ ವ್ಯಾಪಾರ ಮಾಡಿ ಸುಳ್ಳು ಹೇಳಲು ಕಲಿಯಲಿಲ್ಲವಲ್ಲ ನೀನು. ಆಟಿಕೆ ಅಂಗಡಿಯಲ್ಲಿ ಬೀರು ಎಲ್ಲಿಂದ ಬಂತು? ಗಿರಾಕಿ ನಿನ್ನ ಎದುರಲ್ಲೇ ಕೂತು ಪಜಲ್ ಜೋಡಿಸಿದರೆ ಹಾಲು ಉಕ್ಕುವ ಒಲೆ ಯಾವುದು? ಅದೆಲ್ಲ ಇರಲಿ. ಅಂಚು ಬಿಟ್ಟು ಮಧ್ಯದಿಂದ ಶುರು ಮಾಡುವ ಮನುಷ್ಯನನ್ನು ಈ ಜನ್ಮದಲ್ಲಿ ನಾನು ಕಂಡಿರುವುದು ಒಬ್ಬರನ್ನೇ. 'ಅಂಚಿನಿಂದ ಶುರು ಮಾಡುವವನು ಬೇಲಿ ಕಟ್ಟಿದ ಮೇಲೆ ಹೊಲ ಹುಡುಕಲು ಹೋಗುವವನು' ಅಂತ ಸೀಮೆಸುಣ್ಣ ತೋರಿಸುತ್ತ ನನಗೇ ಪಾಠ ಹೇಳಿದವರು.

ಲೆಕ್ಕದ ಮೇಷ್ಟ್ರಿಗೆ ನಮಸ್ಕಾರ. ವೇಷ ಚೆನ್ನಾಗಿದೆ.

ಈಗ ಎಲ್ಲ ಅರ್ಥವಾಯಿತು. ಭಾವನವರು ಗಿರಾಕಿಯ ಮುಸುಕು ಹಾಕಿಕೊಂಡು ನನ್ನ ಪೆಟ್ಟಿಗೆ ತರಿಸುವುದು, ಬೇಕೆಂದೇ ಅರ್ಧಕ್ಕೆ ಬಿಡುವುದು, ಸಾಕ್ಷಿಗೆ ಒಂದು ಕಿವಿ ಮುರಿಯುವುದು. ಆಮೇಲೆ ಅಂಗಡಿಯ ಲೆಕ್ಕದಲ್ಲಿ 'ಇವನ ಮಾಲು ಮನುಷ್ಯರಿಂದ ಮುಗಿಯುವಂಥದ್ದಲ್ಲ' ಅಂತ ಬರೆಸಿ ನನ್ನನ್ನು ಕಪಾಟಿನಿಂದ ಕೆಳಗಿಳಿಸುವುದು. ಕುಣಿಯಲಾರದವರಿಗೆ ನೆಲ ಡೊಂಕು.

ಒಂದು ಕಾಲದಲ್ಲಿ ನಾನು ಕೊಯ್ಯುತ್ತಿದ್ದ ಒಂದೊಂದು ಗೆರೆಯೂ ಅವರನ್ನು ಸೋಲಿಸಲೆಂದೇ. ಅವರು ಗೆದ್ದು, 'ಇಷ್ಟೇನಾ?' ಅಂತ ಕಾರ್ಡ್ ಹಾಕುತ್ತಿದ್ದರು. ಅದನ್ನು ಓದಿ ಮೈ ಉರಿದು ಮರುದಿನವೇ ಹೊಸ ಹಲಗೆ ಬೆಂಚಿಗೇರಿಸುತ್ತಿದ್ದೆ. ಈಗ ಯಾರೋ ಕೊಳ್ಳುತ್ತಾರೆ, ಯಾರೋ ಜೋಡಿಸುತ್ತಾರೆ. ಅದಿರಲಿ, ಅದು ನನ್ನ ಕರ್ಮ.

ಷರತ್ತು ಇಷ್ಟೇ. 'ನಾನು ಸೋತೆ' ಅಂತ ಒಂದೇ ಸಾಲು, ಸ್ವಂತ ಕೈಯಿಂದ, ಅವರ ಆ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದು ಕಳಿಸಲಿ. ಆವತ್ತೇ ಬಾತುಕೋಳಿ ಕೊಯ್ಯುತ್ತೇನೆ.

ತಮ್ಮ


ಮಾರ್ಚ್ 3

ಕಂಡುಹಿಡಿದೆಯಲ್ಲ, ಬೆನ್ನು ತಟ್ಟಿಕೋ. ಈಗ ಉಳಿದದ್ದನ್ನೂ ಕೇಳಿಸಿಕೋ.

ನವೆಂಬರಿನಲ್ಲಿ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಗೆರೆ ಎಳೆಯುತ್ತಿದ್ದರಂತೆ. ಎಳೆಯುತ್ತ ಎಳೆಯುತ್ತ ಬೋರ್ಡು ಮುಗಿದು ಗೋಡೆಯ ಮೇಲೂ ಎಳೆದರಂತೆ. ಮೇಷ್ಟ್ರು ತಮಾಷೆ ಮಾಡುತ್ತಿದ್ದಾರೆ ಅಂತ ಮಕ್ಕಳು ನಕ್ಕರಂತೆ. ಗೆರೆ ನೆಲದವರೆಗೆ ಬಂತು, ಅವರೂ ಬಂದರು. ಲಕ್ವ.

ಬಲಗೈ ಮಡಿಲಲ್ಲಿ ಬಿದ್ದಿರುತ್ತೆ, ಯಾರೋ ಮರೆತುಹೋದ ಚೀಲದ ಹಾಗೆ. ಮಾತು ಬರುತ್ತೆ, ಬೇಕಾದ ಮಾತು ಬರುವುದಿಲ್ಲ. ನೀರು ಬೇಕಾದಾಗ 'ಬಾಗಿಲು' ಅನ್ನುತ್ತಾರೆ. ನಾನು ಬಾಗಿಲು ತೆಗೆಯುತ್ತೇನೆ, ಅವರಿಗೆ ಸಿಟ್ಟು ಬರುತ್ತೆ. ಬಾಯಿಯ ಒಂದು ಮೂಲೆ ಇಳಿದಿದೆ. ನೀನು ಹೇಳಿದ ಬಟ್ಟೆ ನಮ್ಮ ಮನೆಯಲ್ಲಿ ರಾಶಿ ಇದೆ ಕಣೋ. ದಿನಾ ಒಗೆದು ಹಗ್ಗದ ಮೇಲೆ ಹಾಕುತ್ತೇನೆ. ನಿನ್ನ ಕಾಗದ ಬಂದ ದಿನವೂ ಹಾಕಿದ್ದೆ.

ಮುತ್ತು ಪೋಣಿಸಿದಂಥ ಅಕ್ಷರ ಬೇಕಾ ನಿನಗೆ? ಯಾವ ಕೈಯಿಂದ?

ಕೈಗೂ ತಲೆಗೂ ಕೆಲಸ ಕೊಡದಿದ್ದರೆ ಉಳಿದದ್ದೂ ಹೋಗುತ್ತೆ ಅಂದರು ಡಾಕ್ಟರು. ಫಿಸಿಯೋ ಮೇಡಂ ಬಣ್ಣದ ರಿಂಗು ತಂದು ಗೂಟಕ್ಕೆ ಹಾಕಿ ಅಂದಳು. ಇವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಅಂಗಡಿಯಿಂದ ಒಂದೊಂದೇ ಆಟ ಹೊತ್ತು ತಂದೆ. ಎಲ್ಲದಕ್ಕೂ ಕಿಟಕಿ. ನಿನ್ನ 'ಬಂದರು' ಇಟ್ಟ ದಿನ ಮಾತ್ರ ಎಡಗೈ ಮುಂದೆ ಬಂತು. ಒಂದು ತುಂಡು ಎತ್ತಿದರು, ಬಿತ್ತು. ಮತ್ತೆ ಎತ್ತಿದರು. ನಾನು ಒಗ್ಗರಣೆ ಸೀದುಹೋಗುವವರೆಗೆ ಬಾಗಿಲಲ್ಲೇ ನಿಂತು ನೋಡಿದೆ. ಆಮೇಲೆ ಕಿವಿ ಮುರಿದ ದಿನ ಕೈ ಹಿಂದಕ್ಕೆ ಹೋಯಿತು. ಆ ಬಾತುಕೋಳಿಗೆ ಒಂದು ಸಲ ಕೈ ಚಾಚಿದ್ದು ಬಿಟ್ಟರೆ ಈಗ ಮತ್ತೆ ಕಿಟಕಿ. ಒಂದು ದಿನ ಈ ಕಡೆ ತಿರುಗುವುದನ್ನೇ ನಿಲ್ಲಿಸಿಬಿಡುತ್ತಾರೆ ಅಂತ ನನ್ನ ಭಯ.

ನಿನಗೆ ಯಾಕೆ ಹೇಳಲಿಲ್ಲ ಅಂದರೆ, ಆಸ್ಪತ್ರೆಯಲ್ಲಿ ಅವರ ಬಾಯಿಂದ ತಪ್ಪಿಲ್ಲದೆ ಹೊರಟ ಒಂದೇ ಒಂದು ಮಾತು 'ಅವನಿಗೆ ಹೇಳಬೇಡ'. ಆಣೆ ಮುರಿದಿದ್ದೇನೆ. ಪಾಪದ ಅರ್ಧ ನಿನಗೆ.

ನಿನ್ನ ಮರ, ನಿನ್ನ ಗರಗಸ, ಆದರೆ ಸುಲಭದ್ದು ಮಾಡು. ಒಂದು ಸಲ ಗೆಲ್ಲಲಿ. ಅಕ್ಕ ಬೇಡುತ್ತಿದ್ದಾಳೆ ಅಂದುಕೊಂಡರೆ ಅಂದುಕೋ, ನನಗೆ ಮಾನದ ಚಿಂತೆ ಇಲ್ಲ.

ಅಕ್ಕ


ಮಾರ್ಚ್ 20

ಉತ್ತರವಿಲ್ಲ. ನಾಚಿಕೆಯೋ, ಗರಗಸಕ್ಕೆ ತುಕ್ಕೋ? ಬೈಯುವುದಿದ್ದರೆ ಒಂದು ವಾರದಲ್ಲಿ ನಿನ್ನ ಉತ್ತರ ಬರುತ್ತಿತ್ತು. ಒಂದು ಪುಣ್ಯದ ಕೆಲಸ ಹೇಳಿದ್ದಕ್ಕೆ ಅಂಚೆಯೇ ನಿಂತುಹೋಯಿತು ನೋಡು.

ಬೇಡ ಬಿಡು. ಇನ್ನು ಕೇಳುವುದಿಲ್ಲ.


ಏಪ್ರಿಲ್ 2

ಅಕ್ಕಾ,

ಪೆಟ್ಟಿಗೆ ಕಳಿಸಿದ್ದೇನೆ. ನೀನು ಸುಲಭದ್ದು ಕೇಳಿದ್ದೆ. ಇದು ಸುಲಭದ್ದಲ್ಲ.

ನಿನ್ನ ಕಾಗದ ಓದಿದ ಮೇಲೆ ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಸಿಕೊಂಡು 'ಕೋಳಿಗೂಡು' ಜೋಡಿಸಲು ಕೂತೆ. ಕಟ್ಟಿದ ಕೆಲಸದವನೇ ನಕ್ಕ. ತೆಳು ಹಲಗೆಯ ತುಂಡು ಒಂಟಿ ಎಡಗೈಗೆ ಏಳುವುದೇ ಇಲ್ಲ, ಮೇಜಿಗೆ ಅಂಟು ಬಳಿದ ಹಾಗೆ. ಕಷ್ಟಪಟ್ಟು ಎತ್ತಿ ಒತ್ತಿದರೆ ಪಕ್ಕದ್ದು ಓಡುತ್ತೆ. ಹಿಡಿಯಲು ಇನ್ನೊಂದು ಕೈ ಇಲ್ಲ. ಸಿಟ್ಟಿನಲ್ಲಿ ಇನ್ನೂ ಒತ್ತುತ್ತೀಯ. ನನ್ನಿಂದಲೂ ಒಂದು ಕಿವಿ ಮುರಿಯಿತು. ಸೌದೆ ಒಟ್ಟುವವನು ಅಂತ ಬರೆದ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಅದೊಂದನ್ನು ಮಾತ್ರ.

ಇದು ದಪ್ಪ ಹಲಗೆ. ಬೆರಳು ತೂರಲಿ ಅಂತ ಪ್ರತಿ ತುಂಡಿನ ಕೆಳಗಿನ ಅಂಚು ಉಜ್ಜಿ ಇಳಿಸಿದ್ದೇನೆ. ಜಾರಬಾರದು ಅಂತ ಒರಟು ಬಟ್ಟೆ ಅಂಟಿಸಿದ ತಟ್ಟೆ ಇಟ್ಟಿದ್ದೇನೆ. ಕೈಗೆ ಬೇಕಾದ ಸೌಕರ್ಯ ಎಲ್ಲ ಇದೆ. ತಲೆಗೆ ಎಳ್ಳಷ್ಟೂ ಇಲ್ಲ. ಬಿದ್ದದ್ದು ಕೈ ತಾನೇ? ತಲೆ ಬಿದ್ದಿದೆ ಅಂತ ಯಾವ ಡಾಕ್ಟರು ಬರೆದುಕೊಟ್ಟಿದ್ದಾರೆ? ಬಾತುಕೋಳಿ ಬೀಳಿಸಿದ್ದನ್ನು ನೀನೇ ಬರೆದು, ನೀನೇ ಓದಿಕೊಳ್ಳಲಿಲ್ಲವಲ್ಲ.

ಇಷ್ಟು ವರ್ಷ ಅಂಚಿನವರಿಗೆ ಬೋನು ಇಡುತ್ತಿದ್ದೆ. ಇದರಲ್ಲಿ ಮಧ್ಯದವರಿಗೆ ಇಟ್ಟಿದ್ದೇನೆ. ನಟ್ಟನಡುವೆ ಕೂರುವ ಹಾಗೆ ಕಾಣುವ ತುಂಡುಗಳೆಲ್ಲ ಮೂಲೆಯವು. ಇಷ್ಟು ಕೆಟ್ಟ ಪೆಟ್ಟಿಗೆಯನ್ನು ನಾನು ಇದುವರೆಗೆ ಕೊಯ್ದಿಲ್ಲ. ಕೊಯ್ಯುವಾಗ ಹಸಿವೆಯೂ ಗೊತ್ತಾಗಲಿಲ್ಲ. ಯಾವ ಕಡೆ ಕೈ ಹಾಕುತ್ತಾರೆ, ಎಲ್ಲಿ ಮೋಸ ಹೋಗುತ್ತಾರೆ, ಏನು ಬೈಯುತ್ತಾರೆ ಅಂತ ಗೆರೆ ಗೆರೆಗೂ ಕೇಳಿಸುತ್ತಿತ್ತು.

ಪೆಟ್ಟಿಗೆಯ ಹೆಸರು ಮುಚ್ಚಳದ ಮೇಲಿದೆ. ಅವರಿಗೆ ಓದಿ ಹೇಳು.

ತಮ್ಮ


ಏಪ್ರಿಲ್ 9

ಓದಿದೆ. ನಾನೊಬ್ಬಳೇ ಓದಿಕೊಂಡೆ. 'ಭಾವನವರಿಂದ ಆಗದ್ದು.'

ಕಟುಕ. ಬಿದ್ದವನ ಎದೆಯ ಮೇಲೆ ಕಾಲಿಡುವುದಕ್ಕೆ ಇಷ್ಟು ದಪ್ಪ ಹಲಗೆ ಬೇಕಾಗಿತ್ತಾ? ಆ ತಟ್ಟೆ, ಆ ಉಜ್ಜಿದ ಅಂಚು ನೋಡಿ ಒಂದು ಗಳಿಗೆ ನನ್ನ ಕಣ್ಣೂ ಒದ್ದೆಯಾಯಿತು. ಆಮೇಲೆ ಮುಚ್ಚಳ ತಿರುಗಿಸಿದೆ. ಮೂಗಿಗೆ ತುಪ್ಪ ಸವರಿ ಮೂಗೇ ಕೊಯ್ಯುವ ಬುದ್ಧಿ.

ಒಂದು ಕಿವಿ ಮುರಿದಿದ್ದಕ್ಕೇ ಅವರು ಕಿಟಕಿಗೆ ಹೋದರು. ಇದರಲ್ಲಿ ಸೋತರೆ ಆ ಮುಖವನ್ನು ವಾಪಸ್ ತಿರುಗಿಸುವವರು ಯಾರು, ನೀನಾ? ಪೆಟ್ಟಿಗೆಗೆ ಮತ್ತೆ ದಾರ ಬಿಗಿದು ಕಪಾಟಿನ ಮೇಲೆ ಎಸೆದಿದ್ದೇನೆ. ಅಲ್ಲೇ ಧೂಳು ತಿನ್ನಲಿ.


ಏಪ್ರಿಲ್ 15

ಕೊಡು, ಇಲ್ಲದಿದ್ದರೆ ವಾಪಸ್ ಕಳಿಸು. ಕಪಾಟಿನ ಮೇಲೆ ಇಡಲು ನಾನು ಕೊಯ್ದಿಲ್ಲ.

ನಿನ್ನ ಮನೆಯಲ್ಲಿ ಈಗ ಅವರಿಗೆ ಎಲ್ಲರೂ ಒಳ್ಳೆಯವರೇ. ನೀನು ಒಳ್ಳೆಯವಳು, ಫಿಸಿಯೋ ಒಳ್ಳೆಯವಳು, ರಿಂಗು ಗೂಟಕ್ಕೆ ಬಿದ್ದರೆ ಇಬ್ಬರೂ ಸೇರಿ ಚಪ್ಪಾಳೆ ತಟ್ಟುತ್ತೀರಿ. ಆ ಚಪ್ಪಾಳೆ ತಡೆಯಲಾರದೆ ಮನುಷ್ಯ ಕಿಟಕಿ ನೋಡುತ್ತಾನೆ. ಅವರಿಗೆ ಒಬ್ಬ ಕೆಟ್ಟವನಾದರೂ ಬೇಡವಾ?


ಮೇ 6

ತಮ್ಮಾ,

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಹಿಗ್ಗಬೇಡ.

ಕಪಾಟಿನ ಧೂಳು ಹೊಡೆಯುತ್ತಿದ್ದೆ. ಪೆಟ್ಟಿಗೆ ಜಾರಿ ಕೆಳಗೆ ಬಿತ್ತು. ದಾರ ಬಿಗಿದಿದ್ದೇನೆ ಅಂತ ಬರೆದಿದ್ದೆನಲ್ಲ, ನಮ್ಮ ಕಾರ್ಖಾನೆಯ ಪೆಟ್ಟಿಗೆಗಳಿಗೆ ಹಾಕುವ ಆ ಅಡ್ಡಗಂಟನ್ನು ನನ್ನ ಕೈ ಇನ್ನೂ ಮರೆತಿಲ್ಲ, ಅದನ್ನೇ ಹಾಕಿದ್ದೆ. ಸದ್ದಿಗೆ ಇವರು ತಿರುಗಿದರು. ಗಂಟು ನೋಡಿದರು. ನನ್ನನ್ನು ನೋಡಿದರು. 'ಬಾಗಿಲು' ಅಂದರು. ಈ ಸಲ ನೀರಲ್ಲ ಅಂತ ನನಗೂ ಗೊತ್ತಾಯಿತು. ಎಡಗೈ ಚಾಚಿಯೇ ಇದ್ದರು. ಮುಚ್ಚಳ ಅವರ ಮುಂದೆ ಹಿಡಿದೆ. ಓದಲು ಬಹಳ ಹೊತ್ತು ಬೇಕಾಯಿತು, ತುಟಿ ಅಲ್ಲಾಡುತ್ತಿತ್ತು. ಓದಿ ಮುಗಿಸಿ ನಿನ್ನ ಬಗ್ಗೆ ಒಂದು ಮಾತು ಹೇಳಿದರು. ಅದನ್ನು ಕಾಗದದಲ್ಲಿ ಬರೆಯುವ ಹಾಗಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ, ಅವರ ಬಾಯಲ್ಲಿ ಆ ಶಬ್ದ ಕೇಳಿರಲಿಲ್ಲ. ಆದರೆ ಮೊದಲಿನಿಂದ ಕೊನೆಯವರೆಗೆ ಒಂದು ಶಬ್ದವೂ ಆಚೀಚೆ ಆಗಲಿಲ್ಲ. ಆಸ್ಪತ್ರೆಯ ಆ ಮಾತು ಬಿಟ್ಟರೆ ಇದೇ ಮೊದಲ ಪೂರ್ತಿ ಮಾತು. ಎರಡೂ ನಿನ್ನ ಮೇಲೇ.

ಆವತ್ತಿನಿಂದ ಕಿಟಕಿ ಇಲ್ಲ. ಬೆಳಿಗ್ಗೆ ಎದ್ದರೆ ಮೇಜು. ನಿನ್ನ ಬೋನಿಗೆ ಬಿದ್ದರು, ನಡುವೆ ಇಟ್ಟದ್ದು ಮೂಲೆ ಅಂತ ಗೊತ್ತಾದ ದಿನ ಮೇಜಿಗೆ ಗುದ್ದಿ ಎಲ್ಲ ಕೆಡವಿದರು. ನಾನು ಎತ್ತಿಕೊಡಲು ಹೋದೆ. 'ಮುಟ್ಟಬೇಡ' ಅಂದರು. ಅದೂ ಸರಿಯಾಗೇ ಬಂತು. ಫಿಸಿಯೋ ಮೇಡಂ ಬಂದರೆ ಕೈಯಲ್ಲೇ 'ಆಮೇಲೆ ಬಾ' ಅನ್ನುತ್ತಾರೆ. ಅವಳಿಗೆ ನಿನ್ನ ಮೇಲೆ ಸಿಟ್ಟಿದೆ. ಸಾಲಿನಲ್ಲಿ ನನ್ನ ಹಿಂದೆ ನಿಲ್ಲಲಿ.

ಜೋಡಿಸಿದಂತೆಲ್ಲ ಹಳದಿ. ಎಲ್ಲಿ ನೋಡಿದರೂ ಹಳದಿ. ಹೂದೋಟ ಅಂದುಕೊಂಡೆ ನಾನು. ಆಮೇಲೆ ಒಂದು ಕನ್ನಡಕದ ಕಾಲು ಬಂತು. ಒಂದು ಮೀಸೆ. ರೆಕ್ಕೆಯ ಸಂದಿಯಲ್ಲಿ ಸೀಮೆಸುಣ್ಣ. ಕತ್ತಿನಲ್ಲಿ ಜೊಲ್ಲುಬಟ್ಟೆ. ಎಲಾ ಪಾಪಿ! ಬಾತುಕೋಳಿ!

ನಾನು ಅವರ ಮುಖ ನೋಡಿದೆ. ಇಳಿದ ಆ ಮೂಲೆ ಅದುರಿತು. ಅಳುತ್ತಾರೆ ಅಂದುಕೊಂಡೆ. ನಕ್ಕರು ಕಣೋ. ಸೊಟ್ಟ ನಗು, ಅರ್ಧ ಮುಖದ್ದು, ಸದ್ದು ಮಾತ್ರ ಪೂರ್ತಿ. ಪಕ್ಕದ ಮನೆಯವರು ಏನಾಯಿತು ಅಂತ ಓಡಿಬಂದರು. ಮುಚ್ಚಳದ ಮೇಲೆ ಬಾತುಕೋಳಿ ಇದ್ದಿದ್ದರೆ ಈ ಪೆಟ್ಟಿಗೆಯನ್ನೂ ಕೆಳಗೆ ತಳ್ಳುತ್ತಿದ್ದರು. ಇದನ್ನು ಬರೆಯುವಾಗ ನನ್ನ ಹೊಟ್ಟೆ ಉರಿಯುತ್ತಿದೆ, ತಿಳಿದುಕೋ.

ಈಗ ಉಳಿದಿರುವುದು ಒಂದೇ ತುಂಡು, ಬಾತುಕೋಳಿಯ ಒಂದು ಕಣ್ಣು. ಅದನ್ನು ಇಡುತ್ತಿಲ್ಲ. ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಿರುತ್ತಾರೆ. ಆಗಾಗ ಮುಟ್ಟಿ ನೋಡಿಕೊಳ್ಳುತ್ತಾರೆ. ಯಾಕೆ ಅಂತ ನನಗೂ ಗೊತ್ತು, ನಿನಗೂ ಗೊತ್ತು. ಒಂದು ಸಲ ಕೊನೆಯ ತುಂಡು ಹಿಡಿದುಕೊಂಡು ನಿಂತ ಮನುಷ್ಯ ಅವರು.

ನಿಜ ಹೇಳು. ಆ ತುಂಡು ಕೂರುತ್ತಾ? ಈ ಕಾಗದ ತಲುಪಿದ ದಿನವೇ ಉತ್ತರ ಬರೆ.

ಅಕ್ಕ


ಮೇ 12

ಅಕ್ಕಾ,

ಹೇಳುವುದಿಲ್ಲ.

ಕೂರುತ್ತೆ ಅಂದರೆ ನಿನ್ನ ಮುಖ ಅರಳುತ್ತೆ. ಕೂರುವುದಿಲ್ಲ ಅಂದರೆ ಬಾಡುತ್ತೆ. ಹೇಗೂ ಅವರು ನಿನ್ನ ಮುಖ ಓದಿಬಿಡುತ್ತಾರೆ. ಆಮೇಲೆ ಅವರಿಗೆ ಉಳಿಯುವುದೇನು? ಒಂದು ಮರದ ಚೂರು. ಈಗ ಅವರ ಜೇಬಿನಲ್ಲಿರುವುದು ಮರದ ಚೂರಲ್ಲ. ಅದನ್ನು ಕಿತ್ತುಕೊಳ್ಳುವ ಕೆಲಸ ನನಗೆ ಹೇಳಬೇಡ.

ಬೇಕಿದ್ದರೆ ಬೈದುಕೋ. ನೀನು ಬೈದ ಕಾಗದ ಬಂದ ದಿನ ಕೆಲಸ ಚೆನ್ನಾಗಿ ಸಾಗುತ್ತೆ.

ಬಂದು ನೋಡು ಅಂತ ನೀನು ಬರೆದಿಲ್ಲ, ಬರೆದರೂ ಬರುವುದಿಲ್ಲ. ಹೊಸಿಲು ತುಳಿಯಬೇಡ ಅಂದವರು ಅವರು. ತುಳಿ ಅನ್ನಬೇಕಾದವರೂ ಅವರೇ. ಅಕ್ಕನ ಬಾಯಲ್ಲಿ ಕರೆಸಿಕೊಂಡು ಬರುವಷ್ಟು ಅಗ್ಗ ಆಗಿಲ್ಲ ನಾನು. ಕರೆಯುವುದಾದರೆ ಸ್ವಂತ ಕೈಯಿಂದ ಬರೆದು ಕರೆಯಲಿ. ಯಾವ ಕೈ ಅಂತ ಈ ಸಲ ನಾನು ಕೇಳುವುದಿಲ್ಲ.

ತಮ್ಮ


ಮೇ 21

ಗರಗಸಾ,

ನಿನ್ನ ಕಾಗದವನ್ನು ಗಟ್ಟಿಯಾಗಿ ಓದಿ ಹೇಳಿದೆ, ಒಂದಕ್ಷರ ಬಿಡದೆ. ಇವರು ಜೇಬು ಮುಟ್ಟಿಕೊಂಡರು.

ಮೊನ್ನೆ ಮಧ್ಯಾಹ್ನ ಒಗೆಯಲು ಅಂಗಿ ತೆಗೆದುಕೊಂಡೆ, ಜೇಬು ಭಾರ ಇತ್ತು. ಇವರು ಬನಿಯನ್ನಿನಲ್ಲೇ ಹೊರಗೆ ಓಣಿಯಲ್ಲಿ ಫಿಸಿಯೋ ಮೇಡಂ ಜೊತೆ ಕೋಲು ಊರಿಕೊಂಡು ನಡೆಯುತ್ತಿದ್ದರು. ಹೌದು, ನಡೆಯುತ್ತಾರೆ. ತುಂಡು ನನ್ನ ಒದ್ದೆ ಅಂಗೈಯಲ್ಲಿ. ಎದುರಿಗೇ ಮೇಜು. ನಿನ್ನ ಆ ದರಿದ್ರ ಬಾತುಕೋಳಿ ಒಂದೇ ಕಣ್ಣಲ್ಲಿ ನನ್ನನ್ನೇ ನೋಡುತ್ತಿತ್ತು. ಇಟ್ಟು ನೋಡಿ ತೆಗೆದರೆ ಯಾರಿಗೆ ಗೊತ್ತಾಗುತ್ತೆ? ಮಾಲು ಬಿಚ್ಚಿ, ತಿರುಗಿಸಿ, ತಟ್ಟಿ ನೋಡದೆ ನಾನು ಈವರೆಗೆ ಏನನ್ನೂ ಒಳಗೆ ಬಿಟ್ಟವಳಲ್ಲ. ಗಂಡನನ್ನೂ ಹಾಗೆ ನೋಡಿಯೇ ಒಪ್ಪಿದ್ದು.

ಓಣಿಯಿಂದ ಅವರ ಕೋಲಿನ ಸದ್ದು ಬರುತ್ತಿತ್ತು. ದೂರದಲ್ಲೇ ಇತ್ತು, ಬೇಕಾದಷ್ಟು ಸಮಯ ಇತ್ತು. ನನ್ನ ಎದೆ ಮಾತ್ರ ಪರೀಕ್ಷೆಗೆ ಕೂತವರ ಹಾಗೆ ಹೊಡೆದುಕೊಳ್ಳುತ್ತಿತ್ತು. ಎಷ್ಟು ವರ್ಷವಾಗಿತ್ತೋ ಅದು ಹಾಗೆ ಹೊಡೆದುಕೊಂಡು.

ಇಟ್ಟು ನೋಡಲಿಲ್ಲ. ಒರೆಸಿ, ಅವರು ಹಾಕಿಕೊಳ್ಳಬೇಕಾದ ಒಗೆದ ಅಂಗಿಯ ಜೇಬಿಗೆ ಹಾಕಿ, ಗುಂಡಿ ಹಾಕಿದೆ. ಇದನ್ನು ಅವರಿಗೆ ಹೇಳಿಲ್ಲ. ನೀನೂ ಹೇಳಕೂಡದು.

ಕೂರದಿದ್ದರೆ ನಿನ್ನ ಸರಕಿಗೆ ಮಾತ್ರವಲ್ಲ, ನಿನಗೂ ನನ್ನ ಮನೆಯಲ್ಲಿ ಜಾಗವಿಲ್ಲ. ಕೂತರೆ ಒಳ್ಳೆಯವನು ಅಂತ ಹೊಗಳುತ್ತೇನೆ ಅಂದುಕೊಳ್ಳಬೇಡ, ಅದೂ ಇಲ್ಲ.

ಕೆಳಗಿರುವ ಸಾಲುಗಳು ನನ್ನವಲ್ಲ. ಸೋಮವಾರ ಶುರು ಮಾಡಿದ್ದು ಇವತ್ತು ಮುಗಿಯಿತು. ಕಾಗದ ಹಿಡಿದುಕೊಳ್ಳಲೂ ನನ್ನನ್ನು ಬಿಡಲಿಲ್ಲ, ಮೇಲೆ ಕಬ್ಬಿಣದ ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡು ಬರೆದರು. ಅಕ್ಷರ ನೋಡಿ ನಗುವುದಿದ್ದರೆ ಅಲ್ಲೇ ನಕ್ಕು ಮುಗಿಸಿಕೊಂಡು ಬಾ.

ಅಕ್ಕ

*ಬಾ. ನನ್ನ ಎದುರಿಗೆ ಕೂತ್ಕೋ. ಈ ಸಲ ತುಂಡು ಕೂರದಿದ್ದರೆ ನಿನ್ನ ಕೈ ಮುರೀತೀನಿ. ಅದಕ್ಕೆ ನನ್ನ ಎಡಗೈ ಸಾಕು.*